ಸಂಯೋಜಕ ಅಂಗಾಂಶದ 12 ಸ್ಲೈಡ್‌ಗಳ ಪೆಟ್ಟಿಗೆ: ಕೋಶಗಳ ನಡುವೆ ಇರುವುದು ಕಾಣುತ್ತದೆಯೇ?

ಈ ಪೆಟ್ಟಿಗೆಯ 12 ಸ್ಲೈಡ್‌ಗಳಲ್ಲಿ ಏಳು ಚೆನ್ನಾಗಿವೆ, ಮೂರು ನಡೆದೀತು ಎನ್ನುವಂಥವು, ಎರಡು ದಂಡ. ಜೀವಶಾಸ್ತ್ರ, ನರ್ಸಿಂಗ್ ಅಥವಾ ವೈದ್ಯಕೀಯದ ಮೊದಲ ವರ್ಷದ ಪ್ರಯೋಗಾಲಯಕ್ಕೆ ತರಿಸಬಹುದು. ಆದರೆ ಮೂಳೆಯ ಪಾಠ ಇದನ್ನೇ ನೆಚ್ಚಿಕೊಂಡರೆ ಕೆಡುತ್ತದೆ.

ಮೊದಲು ಅಳತೆಗೋಲು ಯಾವುದೆಂದು ಹೇಳಬೇಕು. ಅಂಗಗಳನ್ನು ಜೋಡಿಸಿ ಆಧಾರ ಕೊಡುವ ಸಂಯೋಜಕ ಅಂಗಾಂಶದಲ್ಲಿ ಸಾಮಾನ್ಯವಾಗಿ ಕೋಶಗಳು ಕಡಿಮೆ, ಅವುಗಳ ನಡುವಿನ ಮಾತೃಕೆಯೇ ಹೆಚ್ಚು. ಮಾತೃಕೆಯೆಂದರೆ ಕೊಲಾಜೆನ್, ಎಲಾಸ್ಟಿಕ್, ರೆಟಿಕ್ಯುಲರ್ ಎಂಬ ಮೂರು ಬಗೆಯ ನಾರುಗಳು ಮತ್ತು ನೀರು ಹಿಡಿದಿಟ್ಟುಕೊಳ್ಳುವ ಆಧಾರ ದ್ರವ್ಯ. ಎಳೆತ ತಡೆಯುವುದು, ಹಿಗ್ಗಿ ಮತ್ತೆ ಕುಗ್ಗುವುದು, ಒತ್ತಡ ಹೊರುವುದು, ಇವೆಲ್ಲ ಈ ಮಾತೃಕೆಯ ಕೆಲಸ. ಹಿಮಟಾಕ್ಸಿಲಿನ್-ಇಯೋಸಿನ್ ಎಂಬ ಮಾಮೂಲಿ ಬಣ್ಣ ಕೋಶಕೇಂದ್ರವನ್ನು ನೀಲಿಯಾಗಿಯೂ ಉಳಿದದ್ದನ್ನು ಹೆಚ್ಚುಕಡಿಮೆ ಗುಲಾಬಿಯಾಗಿಯೂ ತೋರಿಸುತ್ತದೆ. ಕೊಲಾಜೆನ್ ಗುಲಾಬಿ, ಎಲಾಸ್ಟಿಕ್ ಕೂಡ ಗುಲಾಬಿ, ರೆಟಿಕ್ಯುಲರ್ ನಾರು ಗುರುತೇ ಸಿಗದು. ಹಾಗಾಗಿ 12 ಸ್ಲೈಡ್‌ಗಳಿಗೂ ಅದೊಂದನ್ನೇ ಹಚ್ಚಿದ ಪೆಟ್ಟಿಗೆ ಎಷ್ಟೇ ಅಂದವಾಗಿದ್ದರೂ ಅರ್ಧ ಪಾಠವನ್ನು ಮುಚ್ಚಿಡುತ್ತದೆ. ಈ ಪೆಟ್ಟಿಗೆ ಆ ತಪ್ಪು ಮಾಡಿಲ್ಲ, ಅದೇ ಇದರ ದೊಡ್ಡ ಗುಣ.

ಒಂದನೆಯ ಸ್ಲೈಡ್ ಸಡಿಲ ಏರಿಯೋಲಾರ್ ಅಂಗಾಂಶ. ಕರುಳನ್ನು ಹಿಡಿದಿಡುವ ಮೆಸೆಂಟರಿ ಪೊರೆಯನ್ನು ಕತ್ತರಿಸದೆ ಹಾಗೇ ಹರಡಿ ಬಣ್ಣ ಹಾಕಿದ್ದಾರೆ. ಕೊಲಾಜೆನ್ ಕಟ್ಟುಗಳು ದಪ್ಪ, ಅಲೆಅಲೆಯಾಗಿ ಸಾಗುತ್ತವೆ. ಎಲಾಸ್ಟಿಕ್ ಎಳೆಗಳು ತೆಳು, ಕಪ್ಪು, ಕವಲೊಡೆಯುತ್ತವೆ. ಎರಡರ ವ್ಯತ್ಯಾಸ ಸೂಕ್ಷ್ಮದರ್ಶಕದ 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲೇ ಗೊತ್ತಾಗುತ್ತದೆ. ಪೊರೆಯ ದಪ್ಪ ಎಲ್ಲೆಡೆ ಒಂದೇ ಸಮವಿಲ್ಲದ ಕಾರಣ 40 ಪಟ್ಟಿಗೆ ಹೋದಾಗ ಸೂಕ್ಷ್ಮ ತಿರುಪನ್ನು ಆಡಿಸುತ್ತಲೇ ಇರಬೇಕು. ಅದು ದೋಷವಲ್ಲ, ಎಳೆಗಳು ಒಂದರ ಮೇಲೊಂದು ಹಾಯುವುದು ತಿಳಿಯುವುದೇ ಹಾಗೆ. ಅಲರ್ಜಿಯಲ್ಲಿ ಪಾತ್ರ ವಹಿಸುವ ಮಾಸ್ಟ್ ಕೋಶಗಳು ಮಾತ್ರ ಇಲ್ಲಿ ಸುಲಭವಾಗಿ ಸಿಗವು. ಅವುಗಳ ಕಣಗಳಿಗೆ ಟೊಲುಯಿಡಿನ್ ಬ್ಲೂ ಬೇಕು, ಆಗ ನೀಲಿ ಬಣ್ಣವೇ ಕಣಗಳಲ್ಲಿ ಕೆನ್ನೇರಳೆಗೆ ತಿರುಗುತ್ತದೆ. ಆ ಸ್ಲೈಡ್ ಪೆಟ್ಟಿಗೆಯಲ್ಲಿಲ್ಲ.

ಮೂರನೆಯದು ದುಗ್ಧಗ್ರಂಥಿ (ಲಿಂಫ್ ನೋಡ್), ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿದ್ದು. ಇದೊಂದೇ ಸಾಕು ಈ ಪೆಟ್ಟಿಗೆಯನ್ನು ಮೆಚ್ಚಲು. ಮೂರನೇ ಬಗೆಯ ಕೊಲಾಜೆನ್‌ನಿಂದಾದ ರೆಟಿಕ್ಯುಲರ್ ಎಳೆಗಳು ಕಪ್ಪು ಬಲೆಯಾಗಿ ಎದ್ದು ಕಾಣುತ್ತವೆ, ಹೊರಕವಚದ ದಪ್ಪ ಕೊಲಾಜೆನ್ ಕಂದಾಗಿಯೇ ಉಳಿದಿದೆ. ಬೆಳ್ಳಿ ಹೆಚ್ಚಾದರೆ ಹಿನ್ನೆಲೆಯಲ್ಲೆಲ್ಲ ಕಪ್ಪು ಚುಕ್ಕೆ ಕೂರುತ್ತದೆ. ಇಲ್ಲಿ ಅಂಚಿನಲ್ಲಿ ಒಂದಿಷ್ಟು ಬಿಟ್ಟರೆ ಸ್ವಚ್ಛವಾಗಿದೆ.

ಮಹಾಧಮನಿಯ ಸ್ಲೈಡೂ ಅಷ್ಟೇ ಗಟ್ಟಿ. ವೆರ್‌ಹಾಫ್ ಬಣ್ಣದಲ್ಲಿ ಎಲಾಸ್ಟಿಕ್ ಹಾಳೆಗಳು ಕಪ್ಪು, ವಾನ್ ಗೀಸನ್‌ನಿಂದ ಕೊಲಾಜೆನ್ ಕೆಂಪು, ನಡುವಿನ ಸ್ನಾಯು ಹಳದಿ. ಹೃದಯ ಒತ್ತಿದಾಗ ಹಿಗ್ಗಿ, ಸಡಿಲಿಸಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುವ ಗೋಡೆ ಹೇಗಿರಬೇಕೆಂದು ಪ್ರತ್ಯೇಕ ವಿವರಿಸಬೇಕಿಲ್ಲ. ಪದರದ ಮೇಲೆ ಪದರ ಕಣ್ಣೆದುರೇ ಇದೆ. ಫೆರಿಕ್ ಕ್ಲೋರೈಡ್‌ನಲ್ಲಿ ಬಣ್ಣ ಬಿಡಿಸುವ ಹಂತ ತುಸು ಹೆಚ್ಚಾದರೂ ಸಣ್ಣ ಎಳೆಗಳು ಮಾಯವಾಗುತ್ತವೆ. ಇಲ್ಲಿ ಹೊರಪದರದ ತೆಳು ಎಳೆಗಳೂ ಉಳಿದಿವೆ, ಕೈ ಪಳಗಿದವರ ಕೆಲಸ.

ಚರ್ಮದ ಸ್ಲೈಡ್‌ಗೆ ಮ್ಯಾಸನ್ ಟ್ರೈಕ್ರೋಮ್. ಒಳಚರ್ಮದ ಆಳದಲ್ಲಿ ಕೊಲಾಜೆನ್ ಕಟ್ಟುಗಳು ದಿಕ್ಕುದಿಕ್ಕಿಗೆ ಹೆಣೆದುಕೊಂಡಿರುವುದು ನೀಲಿಯಲ್ಲಿ ಸ್ಪಷ್ಟ. ಚರ್ಮವನ್ನು ಯಾವ ಕಡೆಯಿಂದ ಎಳೆದರೂ ತಡೆಯಬೇಕಲ್ಲ. ಸ್ನಾಯುರಜ್ಜು ಇದಕ್ಕೆ ತದ್ವಿರುದ್ಧ: ಎಳೆತ ಒಂದೇ ದಿಕ್ಕಿನದು, ಒಂದನೇ ಬಗೆಯ ಕೊಲಾಜೆನ್ ಸಾಲುಗಟ್ಟಿ ಮಲಗಿರುತ್ತದೆ, ಸಾಲುಗಳ ಸಂದಿಯಲ್ಲಿ ನಾರು ತಯಾರಿಸುವ ಚಪ್ಪಟೆ ಫೈಬ್ರೊಬ್ಲಾಸ್ಟ್‌ಗಳು. ಈ ಪೆಟ್ಟಿಗೆಯ ಸ್ನಾಯುರಜ್ಜು ಅಲ್ಲಲ್ಲಿ ಸೀಳಿದೆ. ಪ್ಯಾರಾಫಿನ್‌ನಲ್ಲಿ ಗಟ್ಟಿಯಾದ ರಜ್ಜು ತೆಳು ಪದರ ಕತ್ತರಿಸುವ ಮೈಕ್ರೋಟೋಮ್ ಯಂತ್ರದ ಅಲಗಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಬಿರುಕು ಬೀಳುತ್ತದೆ. ಆ ಬಿಳಿ ಸೀಳುಗಳನ್ನು ರಕ್ತನಾಳವೆಂದು ಬರೆದುಕೊಳ್ಳುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ರಜ್ಜುವಿನಲ್ಲಿ ರಕ್ತನಾಳ ಬಹಳ ಕಡಿಮೆ, ಗಾಯ ನಿಧಾನಕ್ಕೆ ಮಾಯುವುದಕ್ಕೆ ಅದೂ ಒಂದು ಕಾರಣ ಎಂದು ಮೊದಲೇ ಹೇಳಿಬಿಡಿ. ಎರಡು ಧ್ರುವಕ ಫಿಲ್ಟರ್‌ಗಳಿದ್ದರೆ ಒಂದನ್ನು ಸ್ಲೈಡ್‌ನ ಕೆಳಗೆ, ಇನ್ನೊಂದನ್ನು ಮೇಲೆ ಇಟ್ಟು ತಿರುಗಿಸಿ. ಕತ್ತಲ ಹಿನ್ನೆಲೆಯಲ್ಲಿ ಕೊಲಾಜೆನ್ ಹೊಳೆಯುತ್ತದೆ, ಅದರ ಅಲೆಗಳು ಪಟ್ಟೆಪಟ್ಟೆಯಾಗಿ ಮೂಡುತ್ತವೆ.

ಕೊಬ್ಬಿನ ಸ್ಲೈಡ್ ಮಾಮೂಲಿನದು. ತಯಾರಿಯ ವೇಳೆ ಆಲ್ಕೊಹಾಲ್ ಮತ್ತು ಜೈಲೀನ್ ಕೊಬ್ಬನ್ನು ಕರಗಿಸಿ ಹಾಕಿರುತ್ತವೆ, ಉಳಿದಿರುವುದು ಖಾಲಿ ಗೂಡುಗಳು ಮತ್ತು ಅಂಚಿಗೆ ಒತ್ತಿಹೋದ ಕೋಶಕೇಂದ್ರ. ಕೊಬ್ಬನ್ನೇ ನೋಡಬೇಕೆಂದರೆ ಹೆಪ್ಪುಗಟ್ಟಿಸಿ ಕತ್ತರಿಸಿ ಆಯಿಲ್ ರೆಡ್ ಓ ಹಚ್ಚಿದ ಸ್ಲೈಡ್ ಬೇಕು. ಜೊತೆಗಿರುವ ಕೈಪಿಡಿ ಈ ಮಾತನ್ನು ಎತ್ತದೆ ‘ಕೊಬ್ಬಿನ ಹನಿಗಳು’ ಎಂದು ಬಾಣ ತೋರಿಸಿರುವುದು ತಪ್ಪು.

ಮೃದ್ವಸ್ಥಿ ಮೂರಿವೆ. ಶ್ವಾಸನಾಳದ ಹಯಲಿನ್ (ಗಾಜಿನಂಥ) ಮೃದ್ವಸ್ಥಿ ತುಂಬ ಚೆನ್ನಾಗಿದೆ. ಗೂಡಿನೊಳಗೆ ಎರಡು, ನಾಲ್ಕು ಕೋಶಗಳ ಗುಂಪು, ಗುಂಪಿನ ಸುತ್ತ ಗಾಢ ನೀಲಿಯ ಮಾತೃಕೆ, ದೂರ ಹೋದಂತೆ ತಿಳಿ. ಗಂಧಕಯುಕ್ತ ಸಕ್ಕರೆ ಸರಪಳಿಗಳು ಗೂಡಿನ ಸುತ್ತ ಹೆಚ್ಚು ದಟ್ಟವಾಗಿರುವುದರ ಗುರುತು ಅದು. ಎರಡನೇ ಬಗೆಯ ಕೊಲಾಜೆನ್ ಅಲ್ಲಿ ತುಂಬಿದ್ದರೂ ನಾರು ಒಂದೂ ಕಾಣದು: ಎಳೆಗಳು ಅತಿ ಸಪೂರ, ಬೆಳಕನ್ನು ಬಾಗಿಸುವ ಗುಣವೂ ಆಧಾರ ದ್ರವ್ಯದಷ್ಟೇ. ಕೋಶದ ಸುತ್ತಲಿನ ಖಾಲಿ ಉಂಗುರ ಜೀವಂತ ಮೃದ್ವಸ್ಥಿಯಲ್ಲಿ ಇರುವುದಿಲ್ಲ, ತಯಾರಿಯಲ್ಲಿ ಕೋಶ ಮುದುಡಿದ್ದರ ಫಲ. ಎಪಿಗ್ಲಾಟಿಸ್‌ನ ಎಲಾಸ್ಟಿಕ್ ಮೃದ್ವಸ್ಥಿಯ ಬಗ್ಗೆ ದೂರಿಲ್ಲ. ಬೆನ್ನೆಲುಬಿನ ತಟ್ಟೆಯ ನಾರು ಮೃದ್ವಸ್ಥಿ ಮಾತ್ರ ಎಡವಟ್ಟು. ಹೊರಉಂಗುರವನ್ನು ಕತ್ತರಿಸುವ ಬದಲು ಮೂಳೆಗೆ ಅಂಟಿಕೊಂಡ ತುದಿಫಲಕ ಬಂದಿದೆ, ಅದು ಬಹುಪಾಲು ಹಯಲಿನ್. ಕೊಲಾಜೆನ್ ಕಟ್ಟುಗಳ ನಡುವೆ ಸಾಲಾಗಿ ಕೂತ ದುಂಡು ಕೋಶಗಳನ್ನು ಹುಡುಕಿದರೆ ಒಂದು ಮೂಲೆಯಲ್ಲಿ ತುಣುಕಷ್ಟೇ ಸಿಗುತ್ತದೆ.

ಇನ್ನು ಉಜ್ಜಿ ತೆಳುವಾಗಿಸಿದ ಮೂಳೆ. ಇಂಥ ಸ್ಲೈಡ್‌ನಲ್ಲಿ ಕೋಶಗಳಿರುವುದಿಲ್ಲ. ಕೋಶ ಕೂತಿದ್ದ ಗೂಡು ಮತ್ತು ಅದರಿಂದ ಹೊರಟ ಕೂದಲೆಳೆಯ ಕಾಲುವೆಗಳಲ್ಲಿ ಗಾಳಿ ಸಿಕ್ಕಿಕೊಂಡು ಕಪ್ಪಾಗಿ ಕಾಣಬೇಕು. ಅದಕ್ಕಾಗಿ ಮುಚ್ಚುಗಾಜು ಕೂರಿಸಲು ಮಂದವಾದ ಅಂಟನ್ನೇ ಬಳಸಬೇಕು. ಇಲ್ಲಿ ತೆಳು ಅಂಟು ಒಳಗೆ ಇಳಿದು ಗಾಳಿಯನ್ನು ಹೊರದೂಡಿದೆ. ಮೂಳೆಯೊಳಗೆ ರಕ್ತನಾಳ ಹಾಯುವ ಹೇವರ್ಸ್ ನಾಳದ ಸುತ್ತಿನ ವರ್ತುಲಗಳು ಮಸುಕು, ಕಾಲುವೆಗಳಂತೂ ಪೂರ್ತಿ ಅಳಿಸಿಹೋಗಿವೆ. ಗಟ್ಟಿ ಖನಿಜದ ನಡುವೆ ಕೋಶಕ್ಕೆ ಆಹಾರ ತಲುಪುವುದೇ ಆ ಕಾಲುವೆಗಳಿಂದ, ಅವಿಲ್ಲದ ಮೇಲೆ ಸ್ಲೈಡ್ ಯಾಕೆ? ಬೆಳಕಿನ ಕಂಡೆನ್ಸರ್‌ನ ಡಯಾಫ್ರಮ್ ಕಿರಿದು ಮಾಡಿದರೆ ಸ್ವಲ್ಪ ಮಟ್ಟಿಗೆ ಉಳಿದ ಗೆರೆಗಳು ಮೇಲೆದ್ದಾವು. ಆದರೆ 40 ಪಟ್ಟಿಗೆ ಹಾಕಬೇಡಿ: ಅಂಟಿನ ಪದರ ದಪ್ಪವಾಗಿ ಮುಚ್ಚುಗಾಜು ಮೇಲೆ ನಿಂತಿದೆ, ಫೋಕಸ್ ಸಿಗುವ ಮೊದಲೇ ಲೆನ್ಸ್ ಗಾಜಿಗೆ ತಗಲುತ್ತದೆ. ಆಮ್ಲದಲ್ಲಿ ಸುಣ್ಣ ತೆಗೆದ ಮೂಳೆಯ ಸ್ಲೈಡ್ ಇದಕ್ಕಿಂತ ವಾಸಿ, ಆದರೂ ಆಮ್ಲದಲ್ಲಿ ಹೆಚ್ಚು ಹೊತ್ತು ಇಟ್ಟಂತಿದೆ. ಕೋಶಕೇಂದ್ರಗಳು ಹಿಮಟಾಕ್ಸಿಲಿನ್ ಹಿಡಿದಿಲ್ಲ, ಎಲ್ಲವೂ ಗುಲಾಬಿಯಲ್ಲಿ ಅದ್ದಿದಂತೆ.

ರಕ್ತದ ಲೇಪ ಹದವಾಗಿದೆ. ಇಲ್ಲಿ ಮಾತೃಕೆಯೆಂದರೆ ಪ್ಲಾಸ್ಮಾ, ದ್ರವ. ಕೆಂಪು ಕಣದ ವ್ಯಾಸ ಸುಮಾರು 7.5 ಮೈಕ್ರೋಮೀಟರ್ ಆದ್ದರಿಂದ ಅಳತೆಯ ಲೆನ್ಸ್ ಇಲ್ಲದ ಕಡೆ ಈ ಸ್ಲೈಡನ್ನೇ ಮೊದಲು ತೋರಿಸಿ. ಆ ಲೆಕ್ಕದಲ್ಲಿ ಉಳಿದ ಕೋಶಗಳ ಗಾತ್ರ ಅಂದಾಜಿಗೆ ಸಿಗುತ್ತದೆ.

ಕೊರತೆಗಳಲ್ಲಿ ಹೊಕ್ಕುಳಬಳ್ಳಿಯ ಸ್ಲೈಡ್ ಇಲ್ಲದಿರುವುದು ದೊಡ್ಡದು. ಆಧಾರ ದ್ರವ್ಯವೇ ಮೇಲುಗೈಯಾದ ಲೋಳೆ ಅಂಗಾಂಶಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಎಪಿಗ್ಲಾಟಿಸ್ ಬಿಟ್ಟಾದರೂ ಅದನ್ನು ಸೇರಿಸಬಹುದಿತ್ತು.

ಪೆಟ್ಟಿಗೆ ಬಂದ ದಿನವೇ ಎಲ್ಲ ಸ್ಲೈಡ್‌ಗಳನ್ನೂ 4 ಪಟ್ಟಿನಲ್ಲಿ ಒಮ್ಮೆ ಓಡಿಸಿ, ಮುಚ್ಚುಗಾಜಿನ ಕೆಳಗೆ ಗಾಳಿಗುಳ್ಳೆ ಅಥವಾ ಮಡಚಿದ ಅಂಗಾಂಶ ಇದ್ದರೆ ಬದಲಿಸಿಕೊಡಲು ಕೇಳಿ. ಬಿಸಿಲಿಗೆ ಇಯೋಸಿನ್ ಮಾಸುತ್ತದೆ, ಕತ್ತಲಲ್ಲಿಡಿ. ಅಂಟು ಪೂರ್ತಿ ಗಟ್ಟಿಯಾಗಿಲ್ಲದ ಸ್ಲೈಡ್‌ಗಳನ್ನು ನಿಲ್ಲಿಸಿಟ್ಟರೆ ಮುಚ್ಚುಗಾಜು ಜಾರುತ್ತದೆ, ಮೊದಲ ಕೆಲವು ವಾರ ಮಲಗಿಸಿಯೇ ಇಡಿ. ರಕ್ತದ ಲೇಪವನ್ನು 100 ಪಟ್ಟಿನಲ್ಲಿ ನೋಡಿದ ಮೇಲೆ ಎಣ್ಣೆಯನ್ನು ಲೆನ್ಸ್ ಕಾಗದದಿಂದ ಒರೆಸಿ. ಜೈಲೀನ್ ಸುರಿದು ತೊಳೆದರೆ ಅದು ಅಂಚಿನಿಂದ ಒಳಗೆ ನುಗ್ಗಿ ಅಂಟನ್ನೇ ಕರಗಿಸುತ್ತದೆ.