ಚಿತ್ರದ ಬಗ್ಗೆ ಏನೂ ಕೇಳದ ಗಿರಾಕಿ

ಭಾವಚಿತ್ರ ಬರೆದು ಬದುಕುವವರ ಫೋನ್ ನಂಬರ್ ಊರಿಗೆಲ್ಲ ಗೊತ್ತಿರಲೇಬೇಕು. ಇನ್‌ಸ್ಟಾಗ್ರಾಂ ಪುಟದಲ್ಲಿ ಅದು ಇರುತ್ತದೆ, ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಹಂಚಿದ ಕಾರ್ಡಿನಲ್ಲೂ ಇರುತ್ತದೆ. ಮೋಸಗಾರರಿಗೂ ಅಲ್ಲಿಂದಲೇ ಸಿಗುತ್ತದೆ. ಆರ್ಡರ್ ಕೊಡುವ ನೆಪದಲ್ಲಿ ಕಲಾವಿದರ ದುಡ್ಡು ಎಗರಿಸುವ ಆಟ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ.

ಕರೆ ಬರುತ್ತದೆ. ತಾನು ಸೇನೆಯಲ್ಲಿದ್ದೇನೆ, ಹೆಂಡತಿಗೆ ಮದುವೆಯ ದಿನಕ್ಕೆ ಎ3 ಅಳತೆಯ ಪೆನ್ಸಿಲ್ ಚಿತ್ರ ಬೇಕು ಅನ್ನುತ್ತಾನೆ. ನೀವು 4,000 ಅಂದರೆ ಮರುಮಾತಿಲ್ಲದೆ ಒಪ್ಪುತ್ತಾನೆ. ಮೊದಲ ಅನುಮಾನ ಇಲ್ಲೇ ಬರಬೇಕು. ನಿಜವಾದ ಗಿರಾಕಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ: ಎಷ್ಟು ದಿನ ಆಗುತ್ತೆ, ಫ್ರೇಮ್ ಸೇರಿಯಾ, ಅಪ್ಪ ಅಮ್ಮನ ಫೋಟೋ ಬೇರೆ ಬೇರೆ ಇದೆ, ಜೊತೆಗೆ ಕೂರಿಸಿ ಬರೀತೀರಾ ಅಂತ ತಲೆ ತಿನ್ನುತ್ತಾನೆ. ಇವನು ಕೇಳುವುದು ಒಂದೇ: ‘ನಿಮ್ಮ ಗೂಗಲ್ ಪೇ ನಂಬರ್ ಯಾವುದು?’

ಸ್ವಲ್ಪ ಹೊತ್ತಿಗೆ ನಿಮ್ಮ ಖಾತೆಗೆ 20,000 ಜಮೆಯಾಗಿದೆ ಎಂದು ಎಸ್‌ಎಂಎಸ್ ಬರುತ್ತದೆ. ಹಿಂದೆಯೇ ಗಾಬರಿಯ ಕರೆ: ‘ಎರಡು ಸಾವಿರ ಹಾಕೋಕೆ ಹೋಗಿ ಒಂದು ಸೊನ್ನೆ ಜಾಸ್ತಿ ಬಿತ್ತು, ಆಸ್ಪತ್ರೆಗೆ ಕಟ್ಟೋ ದುಡ್ಡು, 18,000 ತಕ್ಷಣ ವಾಪಸ್ ಹಾಕಿ.’ ಕೈಯೆಲ್ಲ ಚಾರ್‌ಕೋಲ್ ಮೆತ್ತಿಕೊಂಡು ಕೂತವರು ಮೆಸೇಜಿನ ಮೊದಲ ಸಾಲು ಓದುತ್ತಾರೆ, ಯಾರು ಕಳಿಸಿದ್ದು ಅಂತ ನೋಡುವುದಿಲ್ಲ. ಅದು ಬಂದದ್ದು ಹತ್ತು ಅಂಕಿಯ ಮಾಮೂಲಿ ಮೊಬೈಲಿನಿಂದ. ಬ್ಯಾಂಕಿನ ಎಸ್‌ಎಂಎಸ್ ಅಂಥ ನಂಬರಿನಿಂದ ಬರುವುದಿಲ್ಲ, ಕಳಿಸಿದವರ ಜಾಗದಲ್ಲಿ ಅಕ್ಷರಗಳಿರುತ್ತವೆ. ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ವಾಪಸ್ ಹೋದ 18,000 ಮಾತ್ರ ನಿಮ್ಮದೇ.

ಎಸ್‌ಎಂಎಸ್, ಸ್ಕ್ರೀನ್‌ಶಾಟ್ ಎರಡನ್ನೂ ನಂಬಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ನಿಜವಾಗಿಯೂ ಹೆಚ್ಚು ಹಣ ಬಿದ್ದಿದ್ದರೂ ನೀವಾಗಿ ತಿರುಗಿಸಬೇಡಿ, ಬ್ಯಾಂಕಿಗೆ ತಿಳಿಸಿ ಅವರ ಮೂಲಕವೇ ಹೋಗಲಿ. ಅದು ಇನ್ನೊಬ್ಬರಿಂದ ಕದ್ದ ಹಣವಾಗಿದ್ದರೆ ನಿಮ್ಮ ಖಾತೆಯೂ ತನಿಖೆಗೆ ಸಿಕ್ಕಿ ಸ್ಥಗಿತವಾಗಬಹುದು.

ಇದೇ ಆಟದ ಇನ್ನೊಂದು ರೂಪ ಕ್ಯೂಆರ್ ಕೋಡ್. ‘ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತೆ’ ಅನ್ನುತ್ತಾರೆ. ನಂಬಿಕೆ ಹುಟ್ಟಲೆಂದು ಮೊದಲು ಐದು ರೂಪಾಯಿ ತೆಗೆದುಕೊಂಡು ಹತ್ತು ಕೊಡುವುದೂ ಉಂಟು. ಯುಪಿಐನಲ್ಲಿ ದುಡ್ಡು ಬರಲು ಪಿನ್ ಒತ್ತುವ ಪ್ರಮೇಯವೇ ಇಲ್ಲ. ಸ್ಕ್ಯಾನ್ ಮಾಡಿದ ಮೇಲೆ ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಹೊರದೇಶದ ಗಿರಾಕಿ ಎಂದು ಬರುವವರು ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಹೆಸರಿನ ಇಮೇಲ್ ತೋರಿಸುತ್ತಾರೆ: ಹಣ ತಡೆಹಿಡಿಯಲಾಗಿದೆ, ಖಾತೆ ಮೇಲ್ದರ್ಜೆಗೇರಿಸಲು ಇಷ್ಟು ಕಟ್ಟಿ ಅಂತ. ಆ ಇಮೇಲಿನ ಲಿಂಕ್ ಒತ್ತದೆ, ನಿಮ್ಮ ಖಾತೆಗೆ ನೇರವಾಗಿ ಲಾಗಿನ್ ಆಗಿ ನೋಡಿದರೆ ಬಣ್ಣ ಬಯಲಾಗುತ್ತದೆ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ಹಾಗಾಗಿ ದೆಹಲಿಯಿಂದ ಪೇಪಾಲ್‌ನಲ್ಲಿ ಹಾಕುತ್ತೇನೆ ಅನ್ನುವವನಿಗೆ ಉತ್ತರ ಕೊಡುವುದೂ ದಂಡ.

ಪರೀಕ್ಷೆ ಸುಲಭ. ದರ ಹೇಳುವ ಮೊದಲು ಫೋಟೋ ಕೇಳಿ, ಅದೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ. ಮಾಮೂಲಿಯಾಗಿ ಕಳಿಸಿದರೆ ಫೈಲ್ ಕುಗ್ಗಿ ಕಣ್ಣಿನ ರೆಪ್ಪೆ, ಕೂದಲಿನ ಅಂಚು ಎಲ್ಲ ಕಲಸಿಹೋಗುತ್ತದೆ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದಪ್ಪಗಾಗಿ ಕಿವಿ ಹಿಂದೆ ಸರಿದಿರುತ್ತದೆ. ಬೇರೆ ಫೋಟೋ ಕೊಡಿ ಅನ್ನಿ. ಅಸಲಿ ಗಿರಾಕಿ ಅಲ್ಬಮ್ ಹುಡುಕುತ್ತಾನೆ. ನಕಲಿಯವನು ‘ಮೊದಲು ದುಡ್ಡು ತಗೊಳ್ಳಿ’ ಅನ್ನುತ್ತಾನೆ.

ಅಸಲಿಯವರಿಂದಲೂ ನಷ್ಟ ಆಗುತ್ತದೆ, ಆದರೆ ಅದಕ್ಕೆ ಬಹುಪಾಲು ಕಾರಣ ಮಾತು ಬರವಣಿಗೆಯಲ್ಲಿ ಇಲ್ಲದಿರುವುದೇ. ಅರ್ಧ ಹಣ ಮುಂಗಡ ಬರದೆ ಕಾಗದಕ್ಕೆ ಪೆನ್ಸಿಲ್ ತಾಗಿಸಬೇಡಿ. ತಿದ್ದುಪಡಿ ಎರಡು ಸಲ, ಅದೂ ಹೊರಗೆರೆಯ ಹಂತದಲ್ಲಿ ಎಂದು ಮೊದಲೇ ಬರೆದು ಕಳಿಸಿ. ಗಾಢ ಕಪ್ಪಿನ 6ಬಿ ಪೆನ್ಸಿಲಿನಲ್ಲಿ ಛಾಯೆ ತುಂಬಿ, ಅದು ಅಳಿಸದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಹೊಡೆದ ಮೇಲೆ ‘ಅಮ್ಮನ್ನ ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ’ ಅಂದರೆ ಅಳಿಸಲಾಗದು. ಬಾಕಿ ಬರುವವರೆಗೆ 800 ಪಿಕ್ಸೆಲ್‌ನ, ಮುಖದ ಮೇಲೇ ವಾಟರ್‌ಮಾರ್ಕ್ ಇರುವ ಚಿತ್ರವಷ್ಟೇ ಕಳಿಸಿದರೆ ಸಾಕು. ಎ3 ಅಳತೆಗೆ ಚೆನ್ನಾಗಿ ಮುದ್ರಿಸಲು ಸುಮಾರು 3,500×5,000 ಪಿಕ್ಸೆಲ್ ಬೇಕು, ಹಾಗಾಗಿ ಆ ಚಿಕ್ಕ ಚಿತ್ರವನ್ನೇ ಮುದ್ರಿಸಿಕೊಂಡು ನಿಮಗೆ ಕೈಕೊಡಲಾಗದು.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕು ಬರೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಮುಂದಿನ ಗಿರಾಕಿಗೆ ತೋರಿಸಲು ಅದನ್ನು ನಿಮ್ಮ ಪುಟದಲ್ಲಿ ಹಾಕಬೇಕೆಂದಿದ್ದರೆ ಆ ಒಂದು ಸಾಲನ್ನೂ ಮುಂಗಡ ಪಡೆಯುವ ಮೆಸೇಜಿನಲ್ಲೇ ಸೇರಿಸಿ, ‘ಒಪ್ಪಿಗೆ’ ಎಂದು ಉತ್ತರ ತರಿಸಿಕೊಳ್ಳಿ.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಕರೆ ಬಂದ ನಂಬರ್, ಚಾಟ್ ಎಲ್ಲ ಉಳಿಸಿಕೊಂಡಿರಿ. ಹಣ ಆ ಕಡೆಯ ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ದೂರು ತಲುಪಿದರೆ ತಡೆಯುವ ಸಾಧ್ಯತೆ ಹೆಚ್ಚು, ಆದ್ದರಿಂದ ಬ್ಲಾಕ್ ಮಾಡುವುದು, ಬೈಯುವುದು ಆಮೇಲೆ.