ಕರಾವಳಿಯ ಮಳೆಗಾಲಕ್ಕೆ ಯಾವ ಬೀರು? ಮೂರನ್ನೂ ಬಳಸಿ ನೋಡಿದ ಮೇಲೆ

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಉಡುಪಿಗೆ ಬಂದ ಮೊದಲ ವರ್ಷ, ಜುಲೈ ಕೊನೆಯಲ್ಲಿ, ಪೂಜೆಗೆ ಉಡೋಣ ಅಂತ ಧಾರೆಯ ಮೈಸೂರು ಸಿಲ್ಕ್ ಸೀರೆ ತೆಗೆದೆ. ಮಡಿಕೆಯ ಉದ್ದಕ್ಕೂ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕಿ. ಸೆರಗಿನ ಜರಿ ಒಂದು ಬೆರಳಗಲ ಕಪ್ಪಾಗಿತ್ತು. ಅವತ್ತು ಅತ್ತುಬಿಟ್ಟೆ. ಸೀರೆ ಇದ್ದದ್ದು ಅಮ್ಮ ಕೊಟ್ಟ ಕಬ್ಬಿಣದ ಬೀರುವಿನಲ್ಲಿ. ತವರಲ್ಲಿ ಅದೇ ಬೀರು ಇಪ್ಪತ್ತು ವರ್ಷ ಬಟ್ಟೆಗಳನ್ನು ಚೆನ್ನಾಗಿಯೇ ಕಾಯ್ದಿತ್ತು.

ಈಗ ಮನೆಯಲ್ಲಿ ಮೂರು ಥರದ ಬೀರು ಇವೆ. ಆ ಹಳೇ ಕಬ್ಬಿಣದ್ದು, ಮಕ್ಕಳ ಕೋಣೆಗೆ ತಂದ ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಮೂರು ಬಾಗಿಲಿನದು, ಮತ್ತೆ ಆಚಾರ್ರು ಮನೆಗೇ ಬಂದು ಮಾಡಿಕೊಟ್ಟ ಪ್ಲೈವುಡ್ ವಾರ್ಡ್‌ರೋಬ್. ಹೋದ ವರ್ಷ ಜುಲೈನಲ್ಲಿ ಮೂರರಲ್ಲೂ ಕೆಳಗಿನ ತಟ್ಟಿನಲ್ಲಿ ಒಂದೊಂದು ಬಟ್ಟಲು ಹರಳುಪ್ಪು ಇಟ್ಟೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಬೂಷ್ಟು ಜೋರಾಗಿ ಬೆಳೆಯುವುದೂ ಹೆಚ್ಚುಕಮ್ಮಿ ಅಷ್ಟೇ ತೇವದಲ್ಲಿ. ಹಾಗಾಗಿ ಬೀರುವಿನೊಳಗೆ ಏನಾಗುತ್ತಿದೆ ಅಂತ ಉಪ್ಪು ನೋಡಿದರೆ ಸಾಕು.

ಕಬ್ಬಿಣದ ಬೀರುವಿನ ಉಪ್ಪು ನಾಲ್ಕೇ ದಿನಕ್ಕೆ ಒದ್ದೆಯಾಯಿತು. ಹತ್ತನೇ ದಿನ ಬಟ್ಟಲಲ್ಲಿ ನೀರು ನಿಂತಿತ್ತು. ರೆಡಿಮೇಡ್ ಬೀರುವಿನಲ್ಲಿ ಒಂದು ವಾರ ತಡೆಯಿತು. ಪ್ಲೈವುಡ್ಡಿನಲ್ಲಿ ಎರಡು ವಾರವಾದರೂ ಹರಳು ಅಂಟಂಟಾಗಿತ್ತು, ಅಷ್ಟೇ.

ಇಷ್ಟಕ್ಕೇ ಕಬ್ಬಿಣದ್ದು ಕೆಟ್ಟದ್ದು ಅಂತ ಬರೆದುಬಿಡಬಹುದಿತ್ತು. ಆದರೆ ಪ್ಲೈವುಡ್ ವಾರ್ಡ್‌ರೋಬ್ ಮಾಡುವಾಗ ಆಚಾರ್ರು ಹೇಳಿದ ಮಾತು ನೆನಪಿತ್ತು. "ಅಕ್ಕ, ಈ ಗೋಡೆಗೆ ಬೇಡ. ಪಡು ಬದಿಯ ಗೋಡೆ ಇದು, ಮಳೆ ನೇರ ಬಂದು ಹೊಡೀತದೆ. ಎಂತ ಮರ ಹಾಕಿದ್ರೂ ಒಂದೇ" ಅಂದಿದ್ದರು. ಅದಕ್ಕೇ ಅದನ್ನು ಒಳಗೋಡೆಗೆ ಮಾಡಿಸಿದ್ದೆವು. ಕಬ್ಬಿಣದ ಬೀರು ಮಾತ್ರ ಮೊದಲಿನಿಂದಲೂ ಆ ಪಡುಗೋಡೆಗೇ ಅಂಟಿಕೊಂಡಿತ್ತು. ಆಗಸ್ಟಿನಲ್ಲಿ ನಾನೂ ನಮ್ಮನೆಯವರೂ ಸೇರಿ ಅದನ್ನು ಒಳಗೋಡೆಗೆ ಎಳೆದೆವು. ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆವು. ಕಾಲುಗಳ ಕೆಳಗೆ ಮರದ ತುಂಡು ಇಟ್ಟೆವು. ಹೊಸ ಉಪ್ಪು ಹಾಕಿಟ್ಟರೆ ಒದ್ದೆಯಾಗಲು ಒಂಬತ್ತು ದಿನ ಬೇಕಾಯಿತು. ಅದೇ ಬೀರು, ಮಳೆಯೂ ಕಮ್ಮಿಯಾಗಿರಲಿಲ್ಲ. ಬೀರು ಯಾವುದರಲ್ಲಿ ಮಾಡಿದ್ದು ಅನ್ನುವುದಕ್ಕಿಂತ ಮೊದಲು, ಎಲ್ಲಿ ನಿಲ್ಲಿಸಿದ್ದೀರಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆದರೂ ತಗಡಿಗೆ ಅದರದೇ ಒಂದು ತೊಂದರೆ ಇದೆ. ಅದು ತೇವ ಹೀರುವುದಿಲ್ಲ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ತೇವ ಅದರ ಮೈಮೇಲೇ ಕೂರುತ್ತದೆ. ಬೆಳಿಗ್ಗೆ ಬಾಗಿಲಿನ ಒಳಬದಿಗೆ ಕೈ ಸವರಿದರೆ ತಣ್ಣಗೆ ಜಿನುಗು. ಬಟ್ಟೆ ತಗಡಿಗೆ ತಾಗಿದ್ದರೆ ಬೂಷ್ಟು ಶುರುವಾಗುವುದು ಅಲ್ಲೇ, ತುಕ್ಕಿನ ಕಲೆ ಬೀಳುವುದೂ ಅಲ್ಲೇ. ಇನ್ನು ಗೆದ್ದಲಿನ ಭಯವಿಲ್ಲ, ಬೀಗ ಗಟ್ಟಿ, ಮನೆ ಬದಲಾಯಿಸಿದರೆ ಹಾಗೇ ಎತ್ತಿಕೊಂಡು ಹೋಗಬಹುದು. ಈಗ ಅದರಲ್ಲಿ ಬೆಳ್ಳಿ ಸಾಮಾನು ಮತ್ತು ದಿನಾ ಉಡುವ ಕಾಟನ್ ಬಟ್ಟೆ ಇಡುತ್ತೇನೆ. ರೇಷ್ಮೆ ಇಡುವುದಿಲ್ಲ.

ರೆಡಿಮೇಡ್ ಬೀರುವಿಗೆ 21 ಸಾವಿರ ಕೊಟ್ಟಿದ್ದೆವು. ನೋಡಲು ಚೆಂದ, ಎರಡು ಗಂಟೆಯಲ್ಲಿ ಜೋಡಿಸಿಕೊಟ್ಟರು. ಆದರೆ ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೂ ಸಾಕು, ನೀರು ಒಳಗೆ ಇಳಿಯುತ್ತದೆ. ನೆಲ ಒರೆಸುವ ನೀರು ತಾಗಿ ತಾಗಿ ಎರಡನೇ ಮಳೆಗಾಲಕ್ಕೆ ನಮ್ಮದರ ಬುಡ ನೆನೆದ ರಸ್ಕಿನ ಹಾಗೆ ಉಬ್ಬಿತು. ಮಧ್ಯದ ಬಾಗಿಲಿನ ಹಿಂಜ್ ಸಡಿಲವಾಯಿತು. ಅದೇ ತೂತಿಗೆ ಮತ್ತೆ ಸ್ಕ್ರೂ ಹಾಕಿದರೆ ಹಿಡಿಯಲಿಲ್ಲ, ಒಳಗೆಲ್ಲ ಪುಡಿ. ಒಣಹವೆಯ ಊರಲ್ಲಿ ಇದು ಎಷ್ಟೋ ವರ್ಷ ಬಾಳಬಹುದು. ಕರಾವಳಿಗೆ ಇದನ್ನು ತೆಗೆದುಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ.

ಪ್ಲೈವುಡ್ಡಿನದು 7 ಅಡಿ ಎತ್ತರ, 7 ಅಡಿ ಅಗಲ. ಚದರ ಅಡಿಗೆ 1,350ರಂತೆ 66 ಸಾವಿರ ಚಿಲ್ಲರೆ ಆಯಿತು. ದುಬಾರಿಯೇ. ಆದರೆ ನಾಲ್ಕು ಮಳೆಗಾಲ ಕಳೆದರೂ ಒಂದು ಬಾಗಿಲೂ ಜೋತು ಬಿದ್ದಿಲ್ಲ. ಪ್ಲೈ ತರಿಸುವಾಗ ಹಾಳೆಯ ಮೇಲಿನ ಮುದ್ರೆ ನೀವೇ ನೋಡಿ. ಐಎಸ್ 710 ಅಂತಿದ್ದರೆ ಮರೈನ್ ಪ್ಲೈ, ಅದರ ಅಂಟು ಕುದಿಯುವ ನೀರನ್ನೂ ತಡೆಯುತ್ತದೆ. ಎಂಆರ್ ಅಂತಿದ್ದರೆ ಸ್ವಲ್ಪ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ನಾವು ಬುಡಕ್ಕೂ ಹಿಂಬದಿಗೂ 710 ಹಾಕಿಸಿದೆವು. ಒಳಗಿನ ತಟ್ಟುಗಳಿಗೆ ಎಂಆರ್ ಸಾಕಾಯಿತು, ಅಲ್ಲಿ ಸ್ವಲ್ಪ ದುಡ್ಡು ಉಳಿಯಿತು. ನೆಲದಿಂದ 4 ಇಂಚು ಎತ್ತರಿಸಿದ್ದು ತುಂಬಾ ಒಳ್ಳೆಯದಾಯಿತು.

ಸ್ಲೈಡಿಂಗ್ ಬಾಗಿಲು ಬೇಕಾ ಅಂತ ಆಚಾರ್ರು ಕೇಳಿದ್ದರು. ಮಂಚಕ್ಕೂ ಬೀರುವಿಗೂ ನಡುವೆ ಎರಡಡಿ ಜಾಗವೂ ಇಲ್ಲದಿದ್ದರೆ ಅದು ಸರಿ. ಆದರೆ ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ, ಕೆಳಗಿನ ಹಳಿಯಲ್ಲಿ ದೂಳು ತುಂಬುತ್ತದೆ. ನಮಗೆ ಜಾಗ ಇತ್ತು, ಬೇಡ ಅಂದೆ. ಬಿಸಿಲು ಬಂದ ದಿನ ಎಲ್ಲಾ ಬಾಗಿಲು ಒಟ್ಟಿಗೆ ಹಾರುಹೊಡೆದು ಗಾಳಿ ಆಡಲು ಬಿಡುವ ಸುಖ ಸ್ಲೈಡಿಂಗಿನಲ್ಲಿ ಸಿಗುವುದಿಲ್ಲ.

ಒಳಗೆ ಹೇಗೆ ಭಾಗ ಮಾಡಬೇಕು ಅನ್ನುವುದನ್ನು ಅಂಗಡಿಯ ಚಿತ್ರ ನೋಡಿ ತೀರ್ಮಾನಿಸಬೇಡಿ. ಆ ಚಿತ್ರಗಳಲ್ಲಿ ಉದ್ದುದ್ದ ಕೋಟು, ಗೌನು ನೇತುಹಾಕಿರುತ್ತಾರೆ. ನಮ್ಮನೆಯಲ್ಲಿ ಇರುವುದು ಸೀರೆ, ಶರ್ಟು, ಪಂಚೆ. ಸೀರೆಯ ಪನ್ನ ಸುಮಾರು 46 ಇಂಚು. ಅದನ್ನು ಹ್ಯಾಂಗರಿಗೆ ಅರ್ಧ ಮಾಡಿ ಹಾಕಿದರೆ 23 ಇಂಚು ಇಳಿಬೀಳುತ್ತದೆ. ಅಂದರೆ ಎರಡೂವರೆ ಅಡಿ ಎತ್ತರದ ಖಾನೆ ಸಾಕು, ಅದರ ಕೆಳಗೆ ಇನ್ನೊಂದು ಸರಳು ಹಾಕಿಸಿ ಶರ್ಟು ನೇತುಹಾಕಬಹುದು. ಮಡಿಚಿಡುವ ತಟ್ಟುಗಳಿಗೆ 12 ಇಂಚಿಗಿಂತ ಜಾಸ್ತಿ ಎತ್ತರ ಬೇಡ. ರೆಡಿಮೇಡ್ ಬೀರುವಿನಲ್ಲಿ 18 ಇಂಚು ಇದೆ. ಮಕ್ಕಳು ಕೆಳಗಿನ ಅಂಗಿ ಎಳೆದರೆ ಇಡೀ ರಾಶಿ ಮಗುಚಿ ಬೀಳುತ್ತದೆ.

ಜರಿ ಸೀರೆಗಳನ್ನು ಮಾತ್ರ ನೇತುಹಾಕುವುದಿಲ್ಲ, ಭಾರಕ್ಕೆ ಮಡಿಕೆಯಲ್ಲಿ ಎಳೆ ಬಿಡುತ್ತದೆ. ಅತ್ತೆಯವರು ಕಲಿಸಿದ ಹಾಗೆ ಮಾವನವರ ಹಳೇ ಕಾಟನ್ ಪಂಚೆ ಹರಿದು ಒಂದೊಂದಕ್ಕೂ ಸುತ್ತುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಲೇಬೇಡಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸುತ್ತೇನೆ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಮೇಲಿನ ಖಾನೆಯಲ್ಲಿ ಇಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಜರಿಗೆ ತಾಗಬಾರದು. ನಾನು ಗುಳಿಗೆ ಬಿಟ್ಟು ಲಾವಂಚದ ಬೇರು ಇಡುತ್ತೇನೆ. ಬಾಗಿಲು ತೆರೆದಾಗ ಬರುವ ಆ ಮಣ್ಣಿನಂಥ ತಂಪು ವಾಸನೆ ನನಗೆ ಇಷ್ಟ.

ಬಾಡಿಗೆ ಮನೆಯಲ್ಲಿ ಇರುವವರು ಪ್ಲೈವುಡ್ಡಿಗೆ ದುಡ್ಡು ಹಾಕಬೇಡಿ, ಗೋಡೆಗೆ ಕೂರಿಸಿದ್ದನ್ನು ಬಿಚ್ಚಿ ಒಯ್ಯುವುದು ಕಷ್ಟ. ಕಬ್ಬಿಣದ ಬೀರು ತೆಗೆದುಕೊಳ್ಳಿ. ಒಳಗೋಡೆಗೆ, ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ತಟ್ಟುಗಳಿಗೂ ಮೂರು ಬದಿಯ ತಗಡಿಗೂ ದಪ್ಪ ಕಾಟನ್ ಬಟ್ಟೆ ಹಾಸಿ. ಜೂನ್ ಬರುವ ಮೊದಲೇ ಎಲ್ಲ ಬಟ್ಟೆ ಒಂದು ದಿನ ನೆರಳಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆ ಒಳಗಿಡಿ.