ನಿಮ್ಮ ಗೇಮನ್ನು ಬೇರೆಯವರ ಅಕೌಂಟಿಗೆ ಹಾಕಬೇಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹವ್ಯಾಸಕ್ಕೆ ಗೇಮ್ ಮಾಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದೀರಿ. ದಯವಿಟ್ಟು ಇದನ್ನು ಪೂರ್ತಿ ಓದಿ. "ನೀವು ಗೇಮ್ ಮಾಡ್ರಿ ಸರ, ಪ್ಲೇ ಸ್ಟೋರಿಗೆ ಹಾಕೋದು ನಮ್ಮ ಹೊಣೆ" ಅಂತ ಯಾರಾದರೂ ಫೋನ್ ಮಾಡಿದರೆ ಒಪ್ಪಬೇಡಿ. ಒಂದು ರೂಪಾಯಿ ಕೇಳದಿದ್ದರೂ ಒಪ್ಪಬೇಡಿ.

ನನ್ನದು ಸಣ್ಣ ಗೇಮ್. ಬ್ಲಾಕ್ ಇಟ್ಟು ಕಟ್ಟೋದು, ಬೇಡಾದರೆ ಒಡೆಯೋದು, ಅಷ್ಟೇ. ಸೋಲು ಗೆಲುವು ಇಲ್ಲ. ಮೈನ್‌ಕ್ರಾಫ್ಟ್ ಆಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಬ್ಲಾಕ್‌ಗಳು ನಮ್ಮ ಕಡೆಯವು: ಎರೆಮಣ್ಣು, ಬಳಪದ ಕಲ್ಲು, ಹೆಂಚು, ಜೋಳದ ದಂಟು, ಕಪ್ಪತಗುಡ್ಡದ ಗಾಳಿಯಂತ್ರ. ಬಳಪದ ಕಲ್ಲಿನ ಬಣ್ಣ ಸರಿಯಾಗಿ ಬರಲಿ ಅಂತ ಲಕ್ಕುಂಡಿಗೆ ಹೋಗಿ ಕಾಶಿ ವಿಶ್ವೇಶ್ವರ ಗುಡಿಯ ಗೋಡೆಯ ಫೋಟೊ ತೆಗೆದು ತಂದಿದ್ದೆ. ಆ ಹಸಿರು ಬೆರೆತ ಬೂದು ಬಣ್ಣವನ್ನು 16 ಪಿಕ್ಸೆಲ್ ಉದ್ದ, 16 ಪಿಕ್ಸೆಲ್ ಅಗಲದ ಚೌಕದಲ್ಲಿ ಹಿಡಿಯೋದು ಸುಲಭ ಅಲ್ಲ. ಒಂದು ಚುಕ್ಕೆ ಜಾಸ್ತಿ ಕಪ್ಪಾದರೆ ಸಿಮೆಂಟಿನ ಹಾಗೆ ಕಾಣುತ್ತದೆ.

ಕೋಡ್ ಬರೆಯೋದಂತೂ ಬೇರೆಯೇ ಕಷ್ಟ. ಈ ಥರದ ಗೇಮಿನಲ್ಲಿ ಜಗತ್ತನ್ನು ಚಂಕ್ ಅಂತ ತುಂಡು ಮಾಡಿ ಇಡುತ್ತಾರೆ. ನನ್ನ ಒಂದು ಚಂಕಿನಲ್ಲಿ 16 ಬ್ಲಾಕ್ ಉದ್ದ, 16 ಅಗಲ, 64 ಎತ್ತರ, ಅಂದರೆ 16,384 ಬ್ಲಾಕ್. ಪ್ರತಿಯೊಂದಕ್ಕೂ ಆರು ಮುಖ. ಎಲ್ಲವನ್ನೂ ಬಿಡಿಸುತ್ತ ಕೂತರೆ ಕಡಿಮೆ ಬೆಲೆಯ ಫೋನು ಬಿಸಿಯಾಗಿ ನಿಂತುಬಿಡುತ್ತದೆ. ಹಾಗಾಗಿ ಗಾಳಿಗೆ ತೆರೆದ ಮುಖಗಳನ್ನು ಮಾತ್ರ ಬಿಡಿಸಬೇಕು. ಯಾರಾದರೂ ಒಂದು ಬ್ಲಾಕ್ ಒಡೆದರೆ ಆ ಚಂಕಿನ ಲೆಕ್ಕ ಮತ್ತೆ ಹಾಕಬೇಕು, ಬ್ಲಾಕ್ ಅಂಚಿನಲ್ಲಿದ್ದರೆ ಪಕ್ಕದ ಚಂಕಿನದೂ ಹಾಕಬೇಕು, ಇಲ್ಲದಿದ್ದರೆ ನೆಲದಲ್ಲಿ ತೂತು ಬಿದ್ದು ಕೆಳಗಿನ ಆಕಾಶ ಕಾಣುತ್ತದೆ. ಈ ತೂತು ಮುಚ್ಚೋದಕ್ಕೆ ಎಷ್ಟು ರಾತ್ರಿ ಹೋದವೋ. ಆಫೀಸಿನಿಂದ ಬಂದು, ಊಟ ಮಾಡಿ, ಮನೆಯವರೆಲ್ಲ ಮಲಗಿದ ಮೇಲೆ ಮಾಡಿದ ಕೆಲಸ ಇದು.

ಒಂದು ಮಾತು ಮೊದಲೇ ಹೇಳುತ್ತೇನೆ. ಬ್ಲಾಕ್ ಗೇಮ್ ಅನ್ನೋದು ಯಾರಪ್ಪನ ಆಸ್ತಿಯೂ ಅಲ್ಲ. 2009ರಲ್ಲಿ ಜಕಾರಿ ಬಾರ್ತ್ ಇನ್ಫಿನಿಮೈನರ್ ಅನ್ನುವ ಬ್ಲಾಕ್ ಗೇಮ್ ಮಾಡಿದರು. ಅದರ ಕೋಡನ್ನು ಜನ ಬಿಚ್ಚಿ ನೋಡಿದ ಮೇಲೆ ಅವರೇ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಗೇಮಿನಿಂದ ಸ್ಫೂರ್ತಿ ಪಡೆದು ಮಾರ್ಕಸ್ ಪರ್ಸನ್ ಅದೇ ವರ್ಷ ಮೈನ್‌ಕ್ರಾಫ್ಟ್ ಶುರು ಮಾಡಿದರು. ಮೊದಲು ಮೈನ್‌ಟೆಸ್ಟ್ ಅಂತಿದ್ದ, ಈಗ ಲುವಾಂಟಿ ಅನ್ನುವ, ಬ್ಲಾಕ್ ಗೇಮ್ ಮಾಡಿ ಆಡುವ ಸಾಫ್ಟ್‌ವೇರಿನ ಕೋಡ್ ಇವತ್ತಿಗೂ ಯಾರು ಬೇಕಾದರೂ ನೋಡಬಹುದು. ನನ್ನದನ್ನು ನೋಡಿ ಯಾರಾದರೂ ಇಂಥದೇ ಇನ್ನೊಂದು ಮಾಡಿದ್ದರೆ ನನಗೆ ಖುಷಿಯೇ ಆಗುತ್ತಿತ್ತು. ಆದದ್ದು ಅದಲ್ಲ.

ಗೂಗಲ್ ಪ್ಲೇಯಲ್ಲಿ ಗೇಮ್ ಹಾಕುವ ಅಕೌಂಟ್ ತೆರೆಯೋಕೆ 25 ಡಾಲರ್, ಒಂದೇ ಸಲ ಕಟ್ಟಬೇಕು. ಅದು ಸರಿ. ಆದರೆ 2023ರ ನವೆಂಬರ್ 13ರ ನಂತರ ತೆರೆದ ಪರ್ಸನಲ್ ಅಕೌಂಟ್ ಆದರೆ, ಗೇಮನ್ನು ಎಲ್ಲರಿಗೂ ಬಿಡುವ ಮೊದಲು ಗೇಮ್ ಆಡಿ ನೋಡುವ 12 ಮಂದಿ ಟೆಸ್ಟರ್‌ಗಳು 14 ದಿನ ಬಿಡದೆ ಟೆಸ್ಟಿನಲ್ಲಿ ಇರಬೇಕು. ಮೊದಲು 20 ಮಂದಿ ಬೇಕಿತ್ತು. ಒಬ್ಬರೇ ಕೂತು ಗೇಮ್ ಮಾಡುವವರಿಗೆ ಇದು ದೊಡ್ಡ ತಲೆನೋವು. "ನಾವು ಹಾಕಿಕೊಡ್ತೀವಿ" ಅನ್ನುವವರು ಬರೋದೇ ಈ ಜಾಗದಲ್ಲಿ. ನನಗೆ ಫೋನ್ ಮಾಡಿದವನು ಬಹಳ ಚೆಂದ ಮಾತಾಡಿದ, ನಮ್ಮ ಕಡೆ ಕನ್ನಡದಲ್ಲೇ. ತಮ್ಮದು ಹಳೆಯ ಅಕೌಂಟ್, ಟೆಸ್ಟರ್ ರಗಳೆ ಇಲ್ಲ, ಗೇಮ್ ಯಾವತ್ತೂ ನಿಮ್ಮದೇ, ಕೇಳಿದ ದಿನ ವರ್ಗಾಯಿಸುತ್ತೇವೆ, ಕರಾರುಪತ್ರ ಮುಂದಿನ ವಾರ ಕಳಿಸುತ್ತೇವೆ ಅಂದ. ನಂಬಿ, ಕೋಡ್ ಎಲ್ಲ ಇದ್ದ ಪ್ರಾಜೆಕ್ಟ್ ಫೋಲ್ಡರನ್ನು ಅವನಿಗೆ ಕಳಿಸಿದೆ. ಕರಾರುಪತ್ರ ಬರಲೇ ಇಲ್ಲ.

ಮೊದಲು ಎಲ್ಲ ಚೆನ್ನಾಗಿತ್ತು. ಮಕ್ಕಳು ಆಡಿದರು, ಕಟ್ಟಿದ್ದರ ಫೋಟೊ ಕಳಿಸಿದರು. ಆಮೇಲೆ ಒಂದು ಅಪ್‌ಡೇಟ್ ಬಂತು. ನಾನು ಮಾಡಿದ್ದಲ್ಲ.

ಅದು ನನಗೆ ಗೊತ್ತಾಗಿದ್ದು ಧಾರವಾಡದಲ್ಲಿ, ಅಕ್ಕನ ಮಗನ ಕೈಯಲ್ಲಿದ್ದ ಫೋನು ನೋಡಿ. ಅವನು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಟ್ಟುತ್ತಿದ್ದ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಕಂಬಗಳು, ಒಳಗೆ ದೀಪ, ಒಂದನ್ನೂ ಬಿಟ್ಟಿರಲಿಲ್ಲ. ಐದಾರು ಬ್ಲಾಕ್ ಇಟ್ಟ, ಅಷ್ಟರಲ್ಲಿ ಸ್ಕ್ರೀನ್ ತುಂಬ ಸಾಲ ಕೊಡುವ ಆ್ಯಪಿನ ಜಾಹೀರಾತು. ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ಅದನ್ನು ಒತ್ತಿದರೂ ಜಾಹೀರಾತೇ ತೆರೆದುಕೊಂಡಿತು. "ಮಾಮಾ, ನಾ ಏನೂ ಒತ್ತಿಲ್ರಿ, ತಾನ ಬರಾಕತ್ತೈತಿ" ಅಂದ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಗೇಮು ಲೊಕೇಶನ್ ಪರ್ಮಿಶನ್ ಕೇಳಿ ಪಡೆದುಕೊಂಡಿತ್ತು. ಬ್ಲಾಕ್ ಇಡುವ ಗೇಮಿಗೆ ಮಗು ಎಲ್ಲಿದೆ ಅನ್ನೋದು ಯಾಕೆ ಬೇಕು ಹೇಳಿ? ಅಕ್ಕ ಒಂದು ಮಾತೂ ಬೈಯಲಿಲ್ಲ, ಆದರೆ ನನಗೆ ಅಲ್ಲಿ ಕೂತಿರೋಕೆ ಆಗಲಿಲ್ಲ.

ಗೇಮ್ ಹಾಕಿಕೊಟ್ಟವನಿಗೆ ಫೋನ್ ಮಾಡಿದೆ. ಜಾಹೀರಾತು ತೆಗೀರಿ, ಇಲ್ಲಾ ಗೇಮ್ ವಾಪಸ್ ಕೊಡ್ರಿ ಅಂದೆ. "ನಮ್ಮ ಅಕೌಂಟಿನ್ಯಾಗ ಐತಿ ಅಂದ್ರ ನಮ್ದ ಸರ" ಅಂದುಬಿಟ್ಟ. ಆಮೇಲೆ ಫೋನ್ ಎತ್ತಲಿಲ್ಲ. ಹೊಲ ಉತ್ತವನು ನಾನು, ಉತಾರ ಮಾತ್ರ ಅವರ ಹೆಸರಿನಲ್ಲಿ.

ಅವನು ಹೇಳಿದ್ದು ಕಾನೂನಿನಲ್ಲಿ ನಿಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಹಕ್ಕು ಬರೆದವರದ್ದು. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು ಅಂತ 19ನೇ ಸೆಕ್ಷನ್ ಹೇಳುತ್ತದೆ. ನಾನು ಎಲ್ಲೂ ಸಹಿ ಹಾಕಿರಲಿಲ್ಲ. ಮೊದಲ ದಿನದಿಂದ ಮಾಡಿದ ಎಲ್ಲ ಬದಲಾವಣೆ, ಕೋಡಿನ ಲೆಕ್ಕ ಇಡುವ ಗಿಟ್‌ನಲ್ಲಿ ತಾರೀಖಿನ ಸಮೇತ ಇತ್ತು, ಲಕ್ಕುಂಡಿಯ ಮೂಲ ಫೋಟೊಗಳೂ ಇದ್ದವು. ಅವನ್ನೆಲ್ಲ ಇಟ್ಟುಕೊಂಡು ಗೂಗಲ್‌ಗೆ ಕಾಪಿರೈಟ್ ದೂರು ಕೊಟ್ಟೆ. ಗೇಮನ್ನು ಸ್ಟೋರಿನಿಂದ ತೆಗೆದರು.

ನಿಜವಾದ ನಷ್ಟ ಗೊತ್ತಾಗಿದ್ದು ಆಮೇಲೆ. ಸ್ಟೋರಿನಿಂದ ತೆಗೆದರೂ ಆಗಲೇ ಇನ್‌ಸ್ಟಾಲ್ ಆದ ಫೋನುಗಳಲ್ಲಿ ಅದು ಹಾಗೇ ಉಳಿಯುತ್ತದೆ, ಜಾಹೀರಾತಿನ ಸಮೇತ. ಅದಕ್ಕೆ ಅಪ್‌ಡೇಟ್ ಕೊಟ್ಟು ಸರಿ ಮಾಡೋಣ ಅಂದರೆ ನನ್ನಿಂದ ಆಗಲ್ಲ. 2021ರ ಆಗಸ್ಟ್‌ನಿಂದ ಪ್ಲೇಗೆ ಬರುವ ಹೊಸ ಆ್ಯಪ್‌ಗಳ ಸೈನಿಂಗ್ ಕೀ (ಆ್ಯಪ್ ಅಸಲಿ ಅಂತ ತೋರಿಸುವ ಡಿಜಿಟಲ್ ಮುದ್ರೆ) ಗೂಗಲ್ ಹತ್ತಿರವೇ ಇರುತ್ತದೆ, ಯಾರ ಅಕೌಂಟೋ ಅವರೇ ಅಪ್‌ಡೇಟ್ ಕಳಿಸಬೇಕು. ಸ್ಟೋರಿನಲ್ಲಿ ಆ್ಯಪನ್ನು ಗುರುತಿಸುವ ಪ್ಯಾಕೇಜ್ ಹೆಸರು ಕೂಡ ಅವರ ಅಕೌಂಟಿಗೇ ಅಂಟಿಕೊಂಡಿದೆ. ನಾನು ಬೇರೆ ಹೆಸರಿನಲ್ಲಿ ಹೊಸದಾಗಿ ಹಾಕಬೇಕು. ಹೊಸ ಆ್ಯಪ್‌ಗೆ ಹಳೆಯದರ ಒಳಗಿನ ಫೈಲ್ ತೆಗೆಯೋಕೆ ಆಂಡ್ರಾಯ್ಡ್ ಬಿಡುವುದಿಲ್ಲ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಮಕ್ಕಳು ಕಟ್ಟಿದ್ದೆಲ್ಲ ಅದರ ಜೊತೆಗೇ ಅಳಿಸಿಹೋಗುತ್ತದೆ. ಆ ಗುಡಿ ಇನ್ನೂ ಹಳೆಯ ಗೇಮಿನೊಳಗೇ ಇದೆ. ಹುಡುಗ ಅದರ ಸ್ಕ್ರೀನ್‌ಶಾಟ್‌ಗಳನ್ನು ಸುತ್ತಲಿಂದ ತೆಗೆದಿಟ್ಟುಕೊಂಡಿದ್ದಾನೆ. ದುಡ್ಡಿನ ವಿಚಾರ ಬಿಡಿ, ನನಗೆ ಸಿಟ್ಟು ಬರೋದು ಇದಕ್ಕೆ.

ಹಾಗಾಗಿ 25 ಡಾಲರ್ ಕಟ್ಟಿ, ಅಕೌಂಟ್ ನಿಮ್ಮ ಹೆಸರಿನಲ್ಲೇ ತೆರೆಯಿರಿ. ಅದಕ್ಕೂ ದುಡ್ಡಿಲ್ಲದಿದ್ದರೆ ಇಚ್.ಐಓ ಅನ್ನುವ ಗೇಮ್ ಸೈಟಿನಲ್ಲಿ ಪುಕ್ಕಟೆ ಹಾಕಬಹುದು. ಪಬ್ಲಿಷರ್ ಅಂತ ಬಂದವರು ಸಾಚಾ ಇದ್ದರೆ ನಿಮ್ಮ ಅಕೌಂಟಿಗೇ ಬಂದು ಕೆಲಸ ಮಾಡಲಿ. ಅಕೌಂಟ್ ನೋಡಿಕೊಳ್ಳುವ ಪ್ಲೇ ಕನ್ಸೋಲಿನಲ್ಲಿ ಬೇರೆಯವರನ್ನು ಯೂಸರ್ ಆಗಿ ಸೇರಿಸಿ, ಏನೇನು ಮಾಡಬಹುದು ಅಂತ ಮಿತಿ ಹಾಕಬಹುದು, ಬೇಡಾದಾಗ ತೆಗೆಯಬಹುದು. ಇದಕ್ಕೆ ಒಪ್ಪದವರ ಜೊತೆ ಮಾತು ಮುಂದುವರಿಸಲೇಬೇಡಿ. ಇನ್ನೊಂದು, ಬ್ಲಾಕ್ ಗೇಮ್ ಮಾಡುವವರು ಆಟಗಾರರು ಕಟ್ಟಿದ್ದನ್ನು ಫೈಲಾಗಿ ಹೊರಗೆ ಉಳಿಸಿಕೊಳ್ಳುವ ಬಟನ್ ಮೊದಲ ಆವೃತ್ತಿಯಲ್ಲೇ ಇಡಿ. ನನ್ನ ಹೊಸದರಲ್ಲಿ ಬೇರೆ ಏನೂ ಮಾಡುವ ಮೊದಲು ಅದನ್ನೇ ಮಾಡಿದೆ.

12 ಮಂದಿ ಸಿಗುತ್ತಿಲ್ಲ ಅನ್ನೋದೊಂದೇ ತೊಂದರೆ ಆದರೆ ಕೇಳಿ. ಎರಡೂ ವಾರ ಗೇಮ್ ಫೋನಿನಲ್ಲಿ ಇಟ್ಟುಕೊಂಡು ಆಡುತ್ತೇನೆ, ತಪ್ಪು ಕಂಡರೆ ಬರೆದು ಕಳಿಸುತ್ತೇನೆ. ಅಕ್ಕನ ಮಗನೂ ತಯಾರಿದ್ದಾನೆ, ಅಕ್ಕನ ಫೋನಿನಿಂದ.